ತಿಪ್ಪವ್ವನ ಕುಂಚ

ಡಿಸೆಂಬರ್ ಹದಿನಾರು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಹದಿನೈದು ನಿಮಿಷ. ಹಾಜರಿದ್ದವರು: ನಾನು, ಕಾವಲುಗಾರ ಹುಸೇನಸಾಬ, ಒಂದನೇ ಕೋಣೆಯ ಪಂಜರದಲ್ಲಿ ಕುಸುಬೆ ಗಿಡದ ನಲವತ್ತೊಂದು ಹೇನುಗಳು. ಬೀಗ ತೆಗೆದು ಒಳಗೆ ಕಾಲಿಡುವಷ್ಟರಲ್ಲಿ ಬಾಗಿಲ ಪಕ್ಕದ ಹಾಜರಿ ಯಂತ್ರ, ಯಾರೂ ಮುಟ್ಟದೆ, ತಾನಾಗಿ ಮಾತಾಡಿತು. “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.”

ಹುಸೇನಸಾಬ ಕಸಬರಿಗೆ ಗೋಡೆಗೆ ಆನಿಸಿ, “ಬಂದ್ಲು ನೋಡ್ರಿ ನಿಮ್ಮ ತಿಪ್ಪವ್ವ,” ಎಂದ.

“ಗಾಜಿನ ಮ್ಯಾಲ ಧೂಳ ಕುಂತೈತಿ. ಒರಸು.”

“ಒರಸೇನ್ರಿ. ನಿನ್ನೆನೂ ಒರಸೇನಿ.”

ಯಂತ್ರದ ದುರಸ್ತಿಗೆ ಬಂದವನು ಹೇಳಿದ್ದು ಇಷ್ಟು: ಓರೆ ಬಿಸಿಲು ಧೂಳು ಹಿಡಿದ ಗಾಜಿಗೆ ಬಿದ್ದರೆ ಅದಕ್ಕೆ ಬೆರಳು ಬಂದಂತೆ ಭಾಸವಾಗುತ್ತದೆ. ಇರಬಹುದು. ಇಲ್ಲಿ ಹೇನು ನೋಡಿಕೊಳ್ಳುತ್ತಿದ್ದ ತಿಪ್ಪವ್ವ ತೀರಿಕೊಂಡ ಶ್ರಾವಣದಿಂದ ಇಲ್ಲಿಯವರೆಗೆ ಅದು ಹೀಗೆ ಹನ್ನೊಂದು ಸಲ ಮಾತಾಡಿದೆ. ಹನ್ನೊಂದೂ ಸಲ ಏಳೂಕಾಲಿಗೆ. ಅವುಗಳಲ್ಲಿ ನಾಲ್ಕು ದಿನ ಆಕಾಶಕ್ಕೆ ಪೂರ್ತಿ ಮೋಡ ಕವಿದಿತ್ತೆಂದು ನನ್ನ ಹವಾಮಾನದ ಪುಸ್ತಕದಲ್ಲಿದೆ. ಬರೆದಿಡುವುದು ನನ್ನ ಕೆಲಸ. ಅರ್ಥ ಹೇಳುವುದು ನನ್ನ ಕೆಲಸವಲ್ಲ.

ಏಳು ನಲವತ್ತಕ್ಕೆ ಫೋನು ಬಂತು. ಡಾಕ್ಟರ್ ಅಶ್ವಿನಿ. ಲಕ್ಷ್ಮೇಶ್ವರದ ಹುಡುಗಿ, ಈಗ ದೂರದ ಪ್ರಯೋಗಾಲಯದಲ್ಲಿ ಕೂತು ನಮ್ಮ ಹೇನಿನ ಜೀನೋಮನ್ನು, ಎಂದರೆ ಅದರ ಮೈಯೊಳಗಿನ ಪೂರ್ತಿ ಬರವಣಿಗೆಯನ್ನು, ತುಣುಕು ತುಣುಕಾಗಿ ಓದಿ ಜೋಡಿಸುತ್ತಿರುವವಳು.

“ಸರ, ಜೋಡಣಿ ಮುಗದೈತ್ರಿ. ಆದ್ರ ಒಂದಿಷ್ಟು ತುಣುಕು ಎಲ್ಲೂ ಕೂಡವಲ್ವು.”

“ಕೂಡವಲ್ವು ಅಂದ್ರ?”

“ಈ ಹೇನಿನವಲ್ಲ ಅನಸ್ತೈತಿ. ಬ್ಯಾರೆ ಯಾರವೋ. ನಮ್ಮ ಸಾಲಿನೊಳಗ ಎಂದಾರ ಬ್ಯಾರೆ ಹೇನು ಸೇರಿತ್ತೇನ್ರಿ? ಆ ಎರಡನೇ ಕೋಣ್ಯಾಗಿನ ಮುಂಡರಗಿವು?”

“ಸೇರಿದ್ರ?”

“ಎರಡು ವರ್ಷದ ಕೆಲಸ ಹೋದಂಗರಿ. ಮೊದಲಿಂದ ಸುರು ಮಾಡಬೇಕು. ಆ ತುಣುಕು ಯಾರವು ಅಂತ ತಾಳಿ ನೋಡಾಕ ಹಾಕೇನಿ, ಮಧ್ಯಾಹ್ನ ತಿಳೀತೈತಿ. ಅಷ್ಟರಾಗ ನೀವು ರಿಜಿಸ್ಟರ್ ನೋಡ್ರಿ. ಒಂದು ದಿನಾನೂ ಬಿಡಬ್ಯಾಡ್ರಿ.”

ಎಲ್ಲ ದಿನ ನೋಡುವ ಅಗತ್ಯವಿರಲಿಲ್ಲ. ಯಾವ ಪುಟವೆಂದು ನನಗೆ ಗೊತ್ತಿತ್ತು. ಏಪ್ರಿಲ್ ತಿಂಗಳ ಪುಟದಲ್ಲಿ, ಹತ್ತೊಂಬತ್ತು ಎಂಬ ಅಂಕಿಯ ಪಕ್ಕದಲ್ಲಿ, ನನ್ನದೇ ಕೈಯಿಂದ ಪೆನ್ಸಿಲಿನಲ್ಲಿ ಬರೆದ ಒಂದು ಶಬ್ದವಿದೆ: ಸಂಶಯ. ಅದನ್ನು ಅಳಿಸಿರೆಂದು ತಿಪ್ಪವ್ವ ಕೊನೆಯವರೆಗೂ ಕೇಳಿದಳು. ನಾನು ಅಳಿಸಿರಲಿಲ್ಲ.

ತಿಪ್ಪವ್ವನ ಹೆಬ್ಬೆರಳಿಗೆ ಗೆರೆಗಳಿರಲಿಲ್ಲ. ಹೆಬ್ಬೆರಳಿಗೆ ಮಾತ್ರವಲ್ಲ, ಹತ್ತು ಬೆರಳಿಗೂ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೇ ಸೊಸೆಯಾಗಿ ಹೋಗಿ, ಆರು ವರ್ಷದವಳಿದ್ದಾಗಿನಿಂದ ಐವತ್ತೈದರವರೆಗೆ ನೂಲು ಹೊಸೆದು ಹೊಸೆದು ಬೆರಳ ತುದಿಗಳು ಹುಣಸೆ ಬೀಜದ ಹಾಗೆ ನುಣುಪಾಗಿದ್ದವು. ಗಂಡ ತೀರಿದ ಮೇಲೆ ಮಗ್ಗ ಮಾರಿ ನಮ್ಮಲ್ಲಿ ಕೆಲಸಕ್ಕೆ ಬಂದಳು. ಬಂದ ಮೊದಲ ದಿನವೇ ಹಾಜರಿ ಯಂತ್ರ ಅವಳನ್ನು ಒಪ್ಪಲಿಲ್ಲ. ಬಲಗೈ ಇಟ್ಟಳು, ಎಡಗೈ ಇಟ್ಟಳು, ಸೆರಗಿನಿಂದ ಒರೆಸಿ ಇಟ್ಟಳು. ಒಳಗಿನ ಹೆಣ್ಣುದನಿ ಒಂದೇ ಮಾತು ಹೇಳುತ್ತಿತ್ತು. ಕೊನೆಗೆ ನಾನು ಅವಳ ಹಾಜರಿಯನ್ನು ಕೈಯಲ್ಲಿ ಬರೆಯಲು ಶುರು ಮಾಡಿದೆ. ಆದರೂ ಅವಳು ಆರು ವರ್ಷ ದಿನವೂ ಏಳೂಕಾಲಿಗೆ ಹೆಬ್ಬೆರಳು ಇಡುವುದನ್ನು ಬಿಡಲಿಲ್ಲ.

“ಬರದಾಗೇತಲ್ಲ ತಿಪ್ಪವ್ವ, ಮತ್ಯಾಕ ಇಡ್ತಿ?” ಎಂದು ಒಮ್ಮೆ ಕೇಳಿದೆ.

“ಇರ್ಲಿ ಬಿಡ್ರಿ. ಒಳಗಿನಾಕಿ ದಿನಾ ಬಾ ಅಂತಾಳ. ನಾ ಹೆಂಗ ಒಲ್ಲೆ ಅನ್ಲಿ?” ಎಂದಳು. ಯಂತ್ರ ಪ್ರಯತ್ನಿಸಿ ಎಂದಾಗಲೆಲ್ಲ ಅವಳ ಉತ್ತರ ಸಿದ್ಧವಿರುತ್ತಿತ್ತು: “ಆತು ತಂಗಿ, ನಾಳಿ ನೋಡೂಣು.”

ನಮ್ಮದು ಮಲ್ಲಸಮುದ್ರದ ಕಡೆಯ ಎರಡು ಕೋಣೆಯ ಹುಳಮನೆ. ಬೆಳೆಗೆ ಬೀಳುವ ಹುಳಗಳನ್ನು ಸಾಕಿ ಸಂಶೋಧನೆಗೆ ಕೊಡುವುದು ಕೆಲಸ. ನಾನು ಮೂವತ್ತೆರಡು ವರ್ಷ ಹವಾಮಾನ ವೀಕ್ಷಕನಾಗಿದ್ದವನು; ಏಳೂಕಾಲಿಗೆ ಒಮ್ಮೆ, ಎರಡೂಕಾಲಿಗೆ ಒಮ್ಮೆ ಉಷ್ಣಮಾಪಕ ನೋಡಿ ಬರೆದವನು. ನಿವೃತ್ತಿಯ ಮೇಲೆ ಇಲ್ಲಿನ ಮೇಲ್ವಿಚಾರಣೆ ಒಪ್ಪಿಕೊಂಡೆ. ಗೋಡೆಯ ಮೇಲೆ ಹದಿನಾಲ್ಕು ನಿಯಮ ಬರೆಸಿ ಹಾಕಿದ್ದೇನೆ. ತಿಪ್ಪವ್ವನಿಗೆ ಅಂಕಿ ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ. ನಿಯಮಗಳನ್ನು ಓದಿ ಹೇಳಿದಾಗ ಪೂರ್ತಿ ಕೇಳಿ, “ಹದಿನಾಕು ಅದಾವು. ಒಂದೆರಡು ತಪ್ಪಿದ್ರ ಇನ್ನೂ ಹನ್ನೆರಡು ಉಳೀತಾವಲ್ರಿ,” ಎಂದಳು.

ಕುಸುಬೆ ಹೇನಿನ ಕೆಲಸ ಶುರುವಾದದ್ದು ಎರಡು ವರ್ಷದ ಹಿಂದಿನ ಹಿಂಗಾರಿಯಲ್ಲಿ. ಕುಸುಬೆ ಗಿಡದ ಕುಡಿಗೆ, ಎಲೆಯ ಕೆಳಗೆ, ಕರಿ ಎಳ್ಳು ಮೆತ್ತಿದ ಹಾಗೆ ಕೂತು ರಸ ಹೀರುವ ಪ್ರಾಣಿ ಅದು. ಔಷಧಿ ಹೊಡೆದರೂ ಸಾಯದೆ ಉಳಿಯುವುದನ್ನು ಕಲಿತುಬಿಟ್ಟಿದೆ. ಅದು ಎಲ್ಲಿ ಕಲಿಯಿತು, ಮೈಯ ಯಾವ ಸಾಲಿನಲ್ಲಿ ಬರೆದುಕೊಂಡಿದೆ ಎಂದು ನೋಡಲು ಅದರ ಜೀನೋಮ್ ಓದಬೇಕೆಂದು ಡಾಕ್ಟರ್ ಅಶ್ವಿನಿ ಬಂದಳು. ಅವಳು, ನಾನು, ತಿಪ್ಪವ್ವ ಮೂವರೂ ಶಿರಹಟ್ಟಿಯ ದಾರಿಯ ಒಂದು ಹೊಲಕ್ಕೆ ಹೋದೆವು. ಮುಳ್ಳು ಎಲೆಗಳ ನಡುವೆ ಕೈ ಹಾಕಿ ತಿಪ್ಪವ್ವ ಒಂದೇ ಒಂದು ಹೇನನ್ನು ಎತ್ತಿದಳು. ಅದೇ ಮೂಲತಾಯಿ; ಒಂದನೇ ಕೋಣೆಯ ಸಾಲೆಲ್ಲ ಅದರ ಸಂತತಿ. ಆಮೇಲೆ ಮುಂಡರಗಿಯ ಹೊಲಗಳಿಂದ ಒಂದು ಬುಟ್ಟಿ ಹೇನು ತಂದು ಎರಡನೇ ಕೋಣೆಯಲ್ಲಿಟ್ಟೆವು. ಅವು ಔಷಧಿಯ ಪರೀಕ್ಷೆಗೆ. ಎರಡು ಕೋಣೆಗಳ ನಡುವೆ ಗೋಡೆ, ಎರಡು ಬಾಗಿಲು, ನಿಯಮ ಸಂಖ್ಯೆ ಒಂದು: ಮುಂಡರಗಿಯ ಹೇನು ಶಿರಹಟ್ಟಿಯ ಸಾಲಿಗೆ ಸೇರಕೂಡದು.

ಯಾಕೆ ಸೇರಕೂಡದು ಎಂಬುದನ್ನು ಅಶ್ವಿನಿ ಅಂದು ಹೊಲದ ಬದುವಿನ ಮೇಲೆ ಕೂತು ತಿಪ್ಪವ್ವನಿಗೆ ಹೇಳಿದಳು. ಮೈಯೊಳಗಿನ ಬರವಣಿಗೆ ಬಹಳ ಉದ್ದ. ಇಡಿಯಾಗಿ ಓದುವ ಯಂತ್ರ ಇಲ್ಲ. ಚೂರುಚೂರಾದದ್ದನ್ನು ಓದಬೇಕು, ಒಂದು ಚೂರಿನ ಕೊನೆ ಇನ್ನೊಂದು ಚೂರಿನ ಮೊದಲಿಗೆ ಹೊಂದಿದರೆ ಕೂಡಿಸಬೇಕು. ಹೀಗೆ ಲಕ್ಷಾಂತರ ಚೂರು. ನಡುವೆ ಬೇರೆ ಮನೆತನದ ಚೂರು ಬಂದರೆ ಕೊನೆಗಳು ಹೊಂದುವುದಿಲ್ಲ.

“ಇದು ಕೆಚ್ಚೂದಲ್ಲೇನವಾ?” ಎಂದಳು ತಿಪ್ಪವ್ವ. ಮಗ್ಗದ ಮೇಲಿನ ಹಳೆಯ ಹಾಸು, ಎಂದರೆ ಉದ್ದದ ಎಳೆಗಳು, ಮುಗಿಯುವಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸುತ್ತಾರಲ್ಲ, ಅದು ಕೆಚ್ಚುವುದು. “ಎರಡು ಸಾವಿರ ಎಳಿ ಕೆಚ್ಚೀನಿ ಒಂದ ದಿನದಾಗ. ಒಂದು ಎಳಿ ಹಿಂದ ಮುಂದ ಆದ್ರ ಪೂರಾ ಸೀರಿಗೆ ಗೊತ್ತಾಗತೈತಿ.”

“ಅದ, ಅಜ್ಜಿ. ಅದ ನನ್ನ ಕೆಲಸ.”

“ಹಂಗಾರ ನಿನ್ನ ಬೆರಳೂ ಸವೀತಾವ ನೋಡಿಕೋ.”

ಆ ಹೇನುಗಳಲ್ಲಿ ಗಂಡಿಲ್ಲ. ನಮ್ಮ ಕೋಣೆಯಲ್ಲಂತೂ ಎರಡು ವರ್ಷದಲ್ಲಿ ಒಂದೂ ಕಾಣಲಿಲ್ಲ. ಹೆಣ್ಣು, ಗಂಡಿನ ಹಂಗಿಲ್ಲದೆ, ಮೊಟ್ಟೆಯಿಡದೆ, ಮರಿಯನ್ನೇ ಹೆರುತ್ತದೆ. ಹುಟ್ಟುವ ಮರಿ ತಾಯಿಯ ಪಡಿಯಚ್ಚು. ಆ ಮರಿಯ ಹೊಟ್ಟೆಯಲ್ಲಿ ಅದರ ಮರಿ ಆಗಲೇ ಬೆಳೆಯುತ್ತಿರುತ್ತದೆ. ಬೆಳೆದಂತೆ ಚರ್ಮ ಕಳಚುತ್ತದೆ. ಕಳಚಿದ ಬಿಳಿ ಚರ್ಮಗಳು, ಕಾಲು ಮೀಸೆ ಸಮೇತ, ಎಲೆಯ ಮೇಲೆ ನಿಂತೇ ಇರುತ್ತವೆ. ಮೊದಲ ಸಲ ತಿಪ್ಪವ್ವ ಮಸೂರ ಹಿಡಿದು ಅವುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಹೇಳಿದಳು: “ಇದು ಸಾಯೂದಿಲ್ರಿ, ಸರ. ಮೈ ಅಷ್ಟ ಬದಲ ಮಾಡತೈತಿ. ಶಿರಹಟ್ಟಿ ಹೊಲದಾಗ ನಾ ಎತ್ತಿದಾಕಿ ಇನ್ನೂ ಇಲ್ಲೇ ಕುಂತಾಳ.”

ಅವಳಿಗೆ ಮಕ್ಕಳಿರಲಿಲ್ಲ. ಅದನ್ನು ಅವಳು ಹೇಳಿದವಳಲ್ಲ, ನಾನು ಕೇಳಿದವನಲ್ಲ. ಹಾಜರಿ ಪುಸ್ತಕದ ವಾರಸುದಾರರ ಕಾಲಂ ಖಾಲಿ ಇತ್ತು.

ಇನ್ನು ಕುಂಚ. ಹೇನನ್ನು ಕೈಯಿಂದ ಎತ್ತಿದರೆ ಸಾಯುತ್ತದೆ. ಮೂರು ಕೂದಲಿನ ಸಣ್ಣ ಚಿತ್ರದ ಕುಂಚದಿಂದ ಮೆಲ್ಲಗೆ ತಟ್ಟಿ, ಅದು ಎಲೆಯೊಳಗೆ ಚುಚ್ಚಿದ ಸೊಂಡಿಲನ್ನು ತಾನಾಗಿ ಹಿಂದಕ್ಕೆ ತೆಗೆದುಕೊಂಡ ಮೇಲೆ ಎತ್ತಬೇಕು. ಒಣ ಕುಂಚದ ಕೂದಲು ಅರಳಿ ನಿಲ್ಲುತ್ತದೆ. ಶುದ್ಧ ನೀರಿನ ಬಟ್ಟಲಲ್ಲಿ ಅದ್ದಿದರೆ ಮೊನೆಯಾಗುತ್ತದೆ. ನಿಯಮ ಸಂಖ್ಯೆ ಒಂಬತ್ತು: ಬಟ್ಟಲಿನ ನೀರನ್ನೇ ಬಳಸಬೇಕು. ತಿಪ್ಪವ್ವ ಬಟ್ಟಲು ಮುಟ್ಟುತ್ತಿರಲಿಲ್ಲ. ಕುಂಚವನ್ನು ತುಟಿಗಿಟ್ಟು ಒಂದು ಸಲ ಎಳೆಯುತ್ತಿದ್ದಳು. ಕೂದಲು ಸೂಜಿಯಾಗುತ್ತಿತ್ತು. ಎಳೆ ಕೆಚ್ಚುವ ಪ್ರತಿ ನೇಕಾರರ ಮನೆಯ ಹೆಂಗಸೂ ನೂಲಿನ ತುದಿಗೆ ಉಗುಳು ಹಚ್ಚಿಯೇ ಹೊಸೆಯುತ್ತಾಳೆ. ಐವತ್ತು ವರ್ಷದ ಅಭ್ಯಾಸ, ಕೈಗೆ ಮೊದಲು ತುಟಿಯೇ ನೆನಪಾಗುತ್ತಿತ್ತು.

ನಾನು ನೋಡಿದಾಗಲೆಲ್ಲ ರಿಜಿಸ್ಟರಿನ ಷರಾ ಕಾಲಂನಲ್ಲಿ ಬರೆದೆ: “ಕುಂಚಕ್ಕೆ ಉಗುಳು. ತಿಪ್ಪವ್ವ. ಎಚ್ಚರಿಸಲಾಗಿದೆ.” ಮೂವತ್ತೇಳು ಸಲ ಬರೆದಿದ್ದೇನೆ.

“ನೀರು ಅದಕ್ಕ ಥಂಡಿ ಆಕ್ಕೈತ್ರಿ, ಹೌಹಾರತೈತಿ. ಉಗುಳು ಬೆಚ್ಚಗ ಇರತೈತಿ,” ಎನ್ನುತ್ತಿದ್ದಳು. ಖರೆ ಹೇಳಬೇಕೆಂದರೆ, ಬಟ್ಟಲ ನೀರಿನಿಂದ ನಾನು ಎತ್ತಿದ ಹತ್ತರಲ್ಲಿ ಮೂರು ಸಾಯುತ್ತಿದ್ದವು. ಅವಳ ಕೈಯಲ್ಲಿ ಸತ್ತದ್ದು ನಾನು ನೋಡಲಿಲ್ಲ.

ಕಳೆದ ವರ್ಷ ಅಶ್ವಿನಿ ಇನ್ನೊಮ್ಮೆ ಬಂದಾಗ ಹುಳಮನೆಯಲ್ಲಿ ಕೈಯಾಡಿಸುವ ಎಲ್ಲರ ಕೆನ್ನೆಯೊಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಉಗುಳು ತೆಗೆದುಕೊಂಡಳು. ಓದುವಾಗ ಮನುಷ್ಯರ ತುಣುಕು ಬೆರೆತರೆ ಗುರುತು ಹಿಡಿಯಬೇಕಲ್ಲ, ಅದಕ್ಕೆ. ನಾನು ಕೊಟ್ಟೆ. ಹುಸೇನಸಾಬ ಕೊಟ್ಟ. ಪ್ರಯೋಗಾಲಯದವರೂ ಕೊಟ್ಟಿದ್ದರು. ತಿಪ್ಪವ್ವ ಮಾತ್ರ ಬಾಯಿ ಬಿಗಿಹಿಡಿದು ಕೂತಳು.

“ನಾ ಒಲ್ಲೆ.”

“ಯಾಕ ಅಜ್ಜಿ? ನೋಯೂದಿಲ್ಲ.”

“ಐದು ವರ್ಷ ಆತು, ನನ್ನ ಹೆಬ್ಬಟ್ಟು ಬ್ಯಾಡ ಅಂದೀರಿ. ಈಗ ಉಗುಳು ಬೇಕಾತೇನು? ಒಲ್ಲೆವಾ. ನನ್ನದು ನನ್ನ ಕಡೇನ ಇರಲಿ.”

ಅಶ್ವಿನಿ ನಕ್ಕು, ಒತ್ತಾಯ ಮಾಡುವಂತಿಲ್ಲ ಎಂದು ಚೀಟಿಯಲ್ಲಿ ಬರೆದುಕೊಂಡಳು: ಒಪ್ಪಿಗೆ ಇಲ್ಲ.

ಏಪ್ರಿಲ್ ತಿಂಗಳ ಸಂಗತಿ ಹೀಗೆ. ಒಂದು ಗುರುವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎ.ಸಿ. ನಿಂತಿತು. ಹೇನು ಬಿಸಿಲಿನ ಪ್ರಾಣಿಯಲ್ಲ. ಶುಕ್ರವಾರ ಮಧ್ಯಾಹ್ನ ಎರಡೂಕಾಲಿಗೆ ಒಂದನೇ ಕೋಣೆಯ ಉಷ್ಣತೆ ಮೂವತ್ತೊಂಬತ್ತು. ಎಲೆಯ ಕೆಳಗಿನ ಹೇನುಗಳು ಒಣಗಿದ ಎಳ್ಳಿನಂತೆ ಉದುರಿ ತಟ್ಟೆಯ ತುಂಬ ಬಿದ್ದಿದ್ದವು. ತಿಪ್ಪವ್ವ ಮಸೂರ ಹಿಡಿದು ಕಾಲು ಗಂಟೆ ಹುಡುಕಿ ಒಂದು ಬೆರಳೆತ್ತಿದಳು. ಒಂದೇ ಒಂದು ಜೀವಂತ. ನಾನು ರಿಜಿಸ್ಟರಿನಲ್ಲಿ ಒಂದು ಎಂದು ಬರೆದೆ. ಎರಡನೇ ಕೋಣೆ ಉತ್ತರದ ಕಡೆ. ಅಲ್ಲಿ ಮುಂಡರಗಿಯವು ನೂರಾರು ಬದುಕಿದ್ದವು. ನನಗೆ ಮುಂಡರಗಿಯಲ್ಲಿ ಮೂರು ದಿನದ ಕೆಲಸವಿತ್ತು. ಪಂಜರವನ್ನು ಯಾರೂ ಮುಟ್ಟಕೂಡದು ಎಂದು ಹೇಳಿ ನಾಲ್ಕರ ಬಸ್ಸು ಹಿಡಿದೆ.

ಸೋಮವಾರ ಏಳೂಕಾಲಿಗೆ ಬಂದಾಗ ಕರೆಂಟ್ ಬಂದಿತ್ತು. ಪಂಜರ ಅದರ ಜಾಗದಲ್ಲೇ ಇತ್ತು. ರಿಜಿಸ್ಟರಿನಲ್ಲಿ ತಿಪ್ಪವ್ವನ ಅಂಕಿಗಳು: ಶನಿವಾರ ಏಳು, ರವಿವಾರ ಹದಿಮೂರು, ಸೋಮವಾರ ಹತ್ತೊಂಬತ್ತು. ಎಣಿಸಿದೆ. ಹತ್ತೊಂಬತ್ತೇ ಇದ್ದವು.

“ಆರು, ಆರು, ಆರು. ದಿನಾ ಸಮ ಆರು ಹಡೀತೇನು, ತಿಪ್ಪವ್ವ?”

“ಹಡೀತ್ರಿ.”

“ಆ ಕೋಣ್ಯಾಗಿನ ಮುಂಡರಗಿ ಹೇನು ಇಲ್ಲಿ ತಂದು ಬಿಟ್ಟಿಯೇನು?”

ಅವಳು ನನ್ನ ಮುಖ ನೋಡಿದಳು. “ಒಂದ ಇತ್ರಿ. ಅದ ಹಡೀತು. ನಾ ನೋಡಿಕೋತ ಕುಂತಿದ್ದೆ.”

ಅಂಥ ಬಿಸಿಲಿನಲ್ಲಿ ಬಳಲಿದ ಒಂದು ಹೇನು ಮೂರು ದಿನಕ್ಕೆ ಹದಿನೆಂಟು ಹೆರುವುದನ್ನು ನಾನು ಕಂಡಿರಲಿಲ್ಲ. ಜೀವವಿರುವ ಯಾವುದೂ ದಿನಕ್ಕೆ ಸಮ ಲೆಕ್ಕ ಹಾಕಿ ಹೆರುವುದನ್ನೂ ಕಂಡಿರಲಿಲ್ಲ. ಪೆನ್ಸಿಲ್ ತೆಗೆದು ಆ ಒಂದು ಶಬ್ದ ಬರೆದೆ. ಅವಳು ಅದನ್ನು ಓದಲಾರಳು; ಸಂಜೆ ಹುಸೇನಸಾಬನಿಂದ ಓದಿಸಿಕೊಂಡಳು. ಮರುದಿನ ಕೇಳಿದಳು: “ಆ ಅಕ್ಷರ ಅಳಸ್ರಿ, ಸರ.”

“ಪುರಾವೆ ಬಂದ್ರ ಅಳಸ್ತೀನಿ.”

ಆಮೇಲೆ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು; ಚಹಾ ಆತೇನ್ರಿ ಎಂದು ಕೇಳುವ ದನಿಯಲ್ಲೇ. ಜೂನಿನಲ್ಲಿ ಆ ಹತ್ತೊಂಬತ್ತರ ಸಂತತಿಯನ್ನು ನಾಲ್ಕು ದಿನ ಕೂತು ಒಂದೊಂದಾಗಿ ಸಣ್ಣ ನಳಿಕೆಗಳಿಗೆ ಎತ್ತಿಹಾಕಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದವಳೂ ಅವಳೇ.

ಶ್ರಾವಣದ ಒಂದು ಶನಿವಾರ, ಸಂಜೆ ಐದೂವರೆಗೆ, ಅವಳು ಕುಂಚವನ್ನು ಲೋಟದಲ್ಲಿ ಮೊನೆ ಮೇಲಾಗಿ ನಿಲ್ಲಿಸಿದಳು. “ಅಳಿಸಿದ್ರೇನ್ರಿ?” ಎಂದಳು. “ಇಲ್ಲ,” ಎಂದೆ. “ಆತು. ಸೋಮಾರ ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿದಳು. ನಾನು ತಲೆ ಎತ್ತಿರಲಿಲ್ಲ, ಒಟ್ಟು ಕೂಡಿಸುತ್ತಿದ್ದೆ. ಸೋಮವಾರ ಏಳೂಕಾಲಿಗೆ ಯಂತ್ರ ಮಾತಾಡಿದ್ದು ಕೇಳಿ, ಬಂದಳೆಂದು ಹಾಜರಿ ಪುಸ್ತಕ ತೆರೆದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಹತ್ತು ನಿಮಿಷದ ಮೇಲೆ ಹುಸೇನಸಾಬ ಸೈಕಲ್ ತಳ್ಳಿಕೊಂಡು ಬಂದು ಖಬರ ಹೇಳಿದ: ರವಿವಾರ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ, ಸಂಜೆಯೇ ಮಣ್ಣು ಕೊಟ್ಟರು. ಆ ದಿನದ ಕಾಲಂನಲ್ಲಿ ನಾನು ಆಗಲೇ ಹಾಜರು ಎಂದು ಬರೆದುಬಿಟ್ಟಿದ್ದೆ. ಶಾಯಿಯಲ್ಲಿ. ಹೊಡೆದುಹಾಕಲಿಲ್ಲ.

ಇವತ್ತು ನಾನು ಏಪ್ರಿಲ್ ಪುಟ ತೆರೆದು ಕೂತದ್ದನ್ನು ನೋಡಿ ಹುಸೇನಸಾಬ ಬಾಗಿಲಲ್ಲಿ ನಿಂತ.

“ಸರ, ಒಂದು ಮಾತ ಐತ್ರಿ. ಆ ಮೂರು ದಿನ ಪಂಜರ ಇಲ್ಲಿ ಇರಲಿಲ್ಲ. ಅಕಿ ಮನಿಗೆ ಒಯ್ದಿದ್ಲು. ನಾನ ಬೀಗ ತಗದ ಕೊಟ್ಟೆ.”

“ಈಗ ಹೇಳಾಕತ್ತಿ?”

“ನೀವು ಕೇಳಿದ್ದು ಮುಂಡರಗಿ ಹೇನು ಬಿಟ್ರೇನು ಅಂತ. ಪಂಜರ ಎಲ್ಲಿತ್ತು ಅಂತ ಕೇಳಲಿಲ್ರಿ. ಅಕಿನೂ ಹೇಳಬ್ಯಾಡ ಅಂದ್ಲು. ನಿಯಮ ಮುರದೇನಿ ಅಂದ್ರ ನನ್ನ ತಗದ ಹಾಕತಾರ, ಹುಳ ಯಾರು ನೋಡವ್ರು ಅಂದ್ಲು.”

ಹತ್ತೂವರೆಗೆ ಬೆಟಗೇರಿಯ ಓಣಿಯಲ್ಲಿದ್ದೆ. ತಿಪ್ಪವ್ವನ ಮನೆಯ ಬೀಗ ಪಕ್ಕದ ಮನೆಯ ಗಂಗವ್ವನ ಹತ್ತಿರ. ಗಂಗವ್ವ ಅವಳ ಓರಗಿತ್ತಿ. ಒಳಗೆ ಮಗ್ಗವಿಲ್ಲದ ಮಗ್ಗದ ಕೋಣೆ. ನೇಕಾರರು ಕೂತು ಕಾಲು ಇಳಿಬಿಡುವ ಕುಣಿ ಮಾತ್ರ ಉಳಿದಿದೆ: ಸೊಂಟದವರೆಗಿನ ಆಳ, ಮಣ್ಣಿನ ಗೋಡೆ. ಎಂಥ ಬೇಸಿಗೆಯಲ್ಲೂ ಅದರೊಳಗೆ ತಂಪು, ತೇವ. ನೂಲು ಹರಿಯದಿರಲೆಂದೇ ಹಾಗೆ ತೋಡಿರುತ್ತಾರೆ.

“ಇಲ್ಲೇ ಇಟಗೊಂಡು ಕುಂತಿದ್ಲರಿ,” ಎಂದಳು ಗಂಗವ್ವ. “ಮೂರು ದಿನ ಮ್ಯಾಲ ಬರಲಿಲ್ಲ. ಊಟ ಕೆಳಗ ಕೊಟ್ಟೆ. ಯಾರ ಜೋಡಿ ಮಾತಾಡತಿಯೇ ಅಂದ್ರ, ಬಾಣಂತಿ ಜೋಡಿ ಅಂದ್ಲು. ನನಗ ಅಂಜಿಕಿ ಬಂತು.”

ನಾನು ಕುಣಿಗೆ ಇಳಿದೆ. ನೆಲದಲ್ಲಿ ಎರಡು ಪಾದಗಳ ತಗ್ಗು ಸವೆದಿತ್ತು. ನನ್ನ ಕಾಲುಗಳು ಬೇರೆಲ್ಲೂ ನಿಲ್ಲಲೊಲ್ಲದೆ ಅದರಲ್ಲೇ ಕೂತವು. ತಂಪು ಮೊಣಕಾಲಿಗೆ ಏರಿತು. ಬ್ಯಾಟರಿ ಬಿಟ್ಟು ನೋಡಿದೆ. ಮೂಲೆಯ ಜೇಡರ ಬಲೆಯಲ್ಲಿ ಬಿಳಿಯ ಪುಡಿ. ಮಸೂರ ಹಿಡಿದರೆ ಪುಡಿಯಲ್ಲ. ಕಳಚಿದ ಚರ್ಮಗಳು, ಕಾಲು ಮೀಸೆ ಸಮೇತ, ಎಂಟು ತಿಂಗಳಿನಿಂದ ಅಲ್ಲೇ ನಿಂತಿವೆ. ನನ್ನ ಉಸಿರು ತಾಗಿದ್ದಕ್ಕೆ ಎಲ್ಲವೂ ಒಟ್ಟಿಗೆ ನನ್ನ ಕಡೆ ತಿರುಗಿದಂತೆ ಅಲುಗಿದವು. ಉಸಿರು ಬಿಗಿಹಿಡಿದೆ. ಆಮೇಲೂ ಸ್ವಲ್ಪ ಹೊತ್ತು ಅಲುಗಿದವು.

ಬಲಗಡೆಯ ಗೋಡೆಯಲ್ಲಿ ಸುಣ್ಣದ ಗೀಟುಗಳಿದ್ದವು, ಮೂರು ಗುಂಪು. ಮೊದಲ ಗುಂಪು ಐದು. ಎರಡನೆಯದು ಎಂಟು. ಮೂರನೆಯದು ಐದು. ಹದಿನೆಂಟು. ಎಲ್ಲಕ್ಕೂ ಮೇಲೆ ಒಂದು ಉದ್ದನೆಯ ಗೀಟು, ಒಂಟಿಯಾಗಿ.

“ಐದು, ಎಂಟು, ಐದು,” ಎಂದೆ. “ರಿಜಿಸ್ಟರಿನ್ಯಾಗ ಆರು ಆರು ಬರದಾಳ.”

ಮೇಲಿನಿಂದ ಗಂಗವ್ವ ಹೇಳಿದಳು: “ನಾನೂ ಕೇಳಿದ್ನಿರಿ. ಸರಗ ಹೆಚ್ಚು ಕಡಿಮಿ ಬರದ್ರ ಯಾಕ ಅಂತ ಕೇಳತಾರ, ಸಮ ಬರದ್ರ ಸುಮ್ಮ ಸಹಿ ಮಾಡತಾರ ಅಂತಿದ್ಲು.”

ನಾನು ಕುಣಿಯಿಂದ ಹತ್ತಿ ಬಂದು ಚಪ್ಪಲಿ ಮೆಟ್ಟಿದೆ. ಗಂಗವ್ವ ಚಹಾ ಕೊಟ್ಟಳು. ಕುಡಿದೆ. ಹನ್ನೆರಡೂವರೆಗೆ ಹುಳಮನೆಗೆ ಮರಳಿದೆ. ಗೋಡೆಯ ಮೇಲಿನ ಗೀಟನ್ನು ಪುರಾವೆ ಎನ್ನಬಹುದೆ? ನನಗೆ ಸಾಕು. ಅಶ್ವಿನಿಯ ಯಂತ್ರಕ್ಕೆ ಸಾಲದು. ಎರಡೂಕಾಲಿಗೆ ಉಷ್ಣಮಾಪಕ ನೋಡಿ ಬರೆದು, ಫೋನನ್ನು ಮೇಜಿನ ಮೇಲಿಟ್ಟು ಕಾದೆ. ಮೂರು ಹತ್ತಕ್ಕೆ ಅದು ಅಲುಗಿತು.

“ಸರ, ಹೇನಿಂದಲ್ಲರಿ.” ಅವಳ ದನಿ ಇಳಿದಿತ್ತು. “ಸಾಲು ಪೂರಾ ಒಂದ ತಾಯಿದು. ಎರಡನೇ ಹೇನಿನ ಒಂದು ತುಣುಕೂ ಇಲ್ಲ. ಆ ಹೆಚ್ಚಿನವು ಮನುಷ್ಯಾರವು.”

“ಯಾರವು?”

“ಹೆಂಗಸಿನವು. ಚೂರು ಚೂರು ಅದಾವು. ಆದ್ರ ಒಂದು ಮಾತ್ರ ಪೂರಾ ಕೂಡೇತಿ, ಉಂಗುರದಂಗ, ಎಲ್ಲೂ ಬಿಟ್ಟಿಲ್ಲ. ತಾಯಿಂದ ಮಕ್ಕಳಿಗೆ ಬರೂ ಬರವಣಿಗಿ ಅದು. ಹೆಣ್ಣಮಕ್ಕಳು ಅಷ್ಟ ಮುಂದ ಕೊಡತಾರ. ಇಲ್ಲಿ ಎಲ್ಲಾರ ಜೋಡಿ ತಾಳಿ ನೋಡಿದೆ. ನಂದಲ್ಲ, ನಮ್ಮವರ ಯಾರದೂ ಅಲ್ಲ. ನಿಮ್ಮದಲ್ಲ, ಹುಸೇನಚಾಚಾಂದೂ ಅಲ್ಲ.”

ಹತ್ತಿಯ ಕಡ್ಡಿಗೆ ಉಗುಳು ಕೊಡದೆ ಉಳಿದವಳು ಒಬ್ಬಳೇ. ನನ್ನ ಕಣ್ಣು ಲೋಟದಲ್ಲಿದ್ದ ಕುಂಚದ ಮೇಲಿತ್ತು.

“ನಳಿಗಿ ತುಂಬಿದಾಕಿ ಅಕಿನ,” ಎಂದೆ. “ಪ್ರತಿಯೊಂದಕ್ಕೂ ಕುಂಚ ತುಟಿಗಿ ಇಟ್ಟಿರತಾಳ. ಮೂವತ್ತೇಳು ಸಲ ಬರದೇನಿ.”

“ಹೌದ್ರಿ. ಇಂಥಾವು ಬೆರೀತಿರತಾವು, ಅಳಿಸಿ ಬಿಡೂದ ರೂಢಿ. ನನ್ನ ಕೈಯಾಗ ಐತ್ರಿ, ಒಂದು ಗುಂಡಿ ಒತ್ತಿದ್ರ ಆತು. ಆದ್ರ...” ಅವಳು ನಿಲ್ಲಿಸಿದಳು. “ಅಜ್ಜಿದು ಒಂದು ಫೋಟೋನೂ ಇಲ್ಲ ನನ್ನ ಕಡೆ. ಇದೊಂದು ಫೈಲು ನಾ ಇಟಗೊಳ್ಳಲೇನ್ರಿ, ಸರ?”

ಯಾವ ಯಂತ್ರವೂ ಗುರುತಿಸದವಳು. ಆರು ವರ್ಷ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಪ್ರಯತ್ನಿಸಿದವಳು. ಈಗ ಅವಳ ತಾಯಿಯ ತಾಯಿಯಿಂದ ತಾಯಿಗೆ, ತಾಯಿಯಿಂದ ಅವಳಿಗೆ ಬಂದು, ಮುಂದೆ ಯಾರಿಗೂ ಹೋಗದೆ ಅವಳಲ್ಲಿ ನಿಂತುಹೋದ ಆ ಉಂಗುರ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಪೂರ್ತಿಯಾಗಿ, ಒಂದು ಎಳೆಯೂ ತಪ್ಪದೆ, ಕೆಚ್ಚಿಕೊಂಡು ಕೂತಿದೆ. ಇಟ್ಟುಕೋ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು.

“ನಿನ್ನ ಚೀಟಿಯಾಗ ಏನು ಬರಕೊಂಡಿ?” ಎಂದು ಕೇಳಿದೆ.

“ಒಪ್ಪಿಗಿ ಇಲ್ಲ ಅಂತ.”

“ಅಳಿಸು.”

“ಈಗನ್ರಿ?”

“ಈಗ. ನಾ ಫೋನ್ ಇಡೂದಿಲ್ಲ.”

ಗುಂಡಿ ಒತ್ತಿದ ಸಪ್ಪಳ ಕೇಳಿಸಿತು. ಬಾಗಿಲ ಕಡೆ ನೋಡಿದೆ. ಹಾಜರಿ ಯಂತ್ರ ಸುಮ್ಮನಿತ್ತು.

ಆಮೇಲೆ ಏಪ್ರಿಲ್ ಪುಟ ತೆರೆದು, ರಬ್ಬರಿನಿಂದ ಆ ಶಬ್ದ ಅಳಿಸಿದೆ. ಕಾಗದದಲ್ಲಿ ಪೆನ್ಸಿಲಿನ ಒತ್ತು ಉಳಿಯಿತು; ಓರೆಯಾಗಿ ಹಿಡಿದರೆ ಇನ್ನೂ ಓದಬಹುದು. ಹತ್ತೊಂಬತ್ತರ ಮುಂದೆ ಶಾಯಿಯಲ್ಲಿ ಸರಿ ಎಂದು ಬರೆದು ಸಹಿ ಮಾಡಿದೆ. ಹುಸೇನಸಾಬನನ್ನು ಕರೆದು ತೋರಿಸಿದೆ. ಅವನು ನೋಡಿ, “ಜಲ್ದಿ ಮಾಡಿದ್ರಿ,” ಎಂದು ಹೊರಗೆ ಹೋದ.

ಮಂಗಳವಾರ ಸಂಜೆ ಸಾಲಿನ ತಾಯಿಯನ್ನು ಹೊಸ ಗಿಡಕ್ಕೆ ದಾಟಿಸುವ ದಿನ. ಐದು ಗಂಟೆಗೆ ಪಂಜರ ತೆರೆದೆ. ನಲವತ್ತೊಂದರಲ್ಲಿ ದೊಡ್ಡದು ಕುಡಿಯ ಕೆಳಗೆ ಕೂತಿತ್ತು. ಶಿರಹಟ್ಟಿಯ ಹೊಲದಲ್ಲಿ ಎತ್ತಿದಾಕೆ, ಮೈ ಬದಲಿಸಿಕೊಂಡು. ಬಟ್ಟಲ ನೀರಿನಲ್ಲಿ ಕುಂಚ ಅದ್ದಿ ತಟ್ಟಿದೆ. ಹೇನು ಹೌಹಾರಿ ಕಾಲು ಒದ್ದು ಎಲೆಯನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಎರಡನೇ ಸಲವೂ ಹಾಗೆಯೇ. ಕುಂಚದ ಕೂದಲು ಅರಳಿ ಮೂರು ದಿಕ್ಕಿಗೆ ನಿಂತಿತು. ಮೂರನೇ ಸಲ ಬಟ್ಟಲಿಗೆ ಹೋಗಬೇಕಾದ ಕೈ ಬೇರೆ ಕಡೆ ಹೋಯಿತು. ತುಟಿಗೆ ತಾಗಿದಾಗ ಕೂದಲು ಬೆಚ್ಚಗಿತ್ತು. ಯಾರೋ ಈಗಷ್ಟೇ ಇಟ್ಟು ತೆಗೆದ ಹಾಗೆ.

ಹೇನು ಸೊಂಡಿಲು ಹಿಂದಕ್ಕೆ ತೆಗೆದುಕೊಂಡಿತು. ಕುಂಚದ ಮೊನೆಗೆ ತಾನಾಗಿ ಹತ್ತಿತು. ಹೊಸ ಎಲೆಯ ಮೇಲೆ ಇಳಿಸಿದೆ, ಪಂಜರ ಮುಚ್ಚಿದೆ, ಕುಂಚವನ್ನು ಲೋಟದಲ್ಲಿ ಮೊನೆ ಮೇಲಾಗಿ ನಿಲ್ಲಿಸಿದೆ. ಐದೂವರೆಗೆ ರಿಜಿಸ್ಟರ್ ತೆರೆದು ಷರಾ ಕಾಲಂನಲ್ಲಿ ಈ ದಿನದ ಕೊನೆಯ ಸಾಲು ಬರೆದೆ: “ತಾಯಿ ಹೊಸ ಗಿಡಕ್ಕೆ ದಾಟಿದೆ, ಜೀವಂತ. ಕುಂಚಕ್ಕೆ ಉಗುಳು. ಮೇಲ್ವಿಚಾರಕ. ಎಚ್ಚರಿಸಲಾಗಿದೆ.”